ಯಾವ ಜೋರು?

ಟೀಚರಮ್ಮನ ಕಿವಿಯಲ್ಲಿ ಕೆಂಪು ಹರಳಿನ ಲೋಲಾಕುಗಳಿರುತ್ತಿದ್ದವು. ಅವು ಒಂದು ಗಳಿಗೆ ಸುಮ್ಮನೆ ನಿಂತದ್ದನ್ನು ನಾನು ನೋಡಿಲ್ಲ. ಅವರಿಗೆ ತಲೆ ಸಣ್ಣಗೆ ಅದುರುತ್ತಿತ್ತು. "ಕಾಯಿಲೆಯೇನಲ್ಲ ಅಕ್ಕಯ್ಯ, ನಮ್ಮಮ್ಮಂಗೂ ಹಿಂಗೇ ಇತ್ತು" ಅನ್ನುತ್ತಿದ್ದರು. ದೂರದಿಂದ ನೋಡಿದವರಿಗೆ ಅವರು ಎಲ್ಲದಕ್ಕೂ 'ಊಹೂಂ, ಅಲ್ಲ, ಅಲ್ಲ' ಎನ್ನುತ್ತಿರುವಂತೆ ಕಾಣುತ್ತಿತ್ತು. ತಳ್ಳುಗಾಡಿಯ ತರಕಾರಿಯವನಂತೂ ಅವರು ಬಾಯಿ ಬಿಡುವ ಮೊದಲೇ "ಆಯ್ತು ಬಿಡಮ್ಮ, ಕಡಿಮೆ ಮಾಡ್ಕೊಡ್ತೀನಿ" ಎಂದು ಸೋತುಬಿಡುತ್ತಿದ್ದ. ಸ್ಕೂಲಿನಲ್ಲಿದ್ದಾಗ ಲೋಲಕದ ಪಾಠ ಬಂದ ದಿನ ಕಿವಿ ಮುಂದೆ ಮಾಡಿ, "ನೋಡ್ಕೊಳ್ರಪ್ಪ, ಸರಳ ಲೋಲಕ. ಪುಕ್ಕಟೆ" ಎನ್ನುತ್ತಿದ್ದರಂತೆ. ತನ್ನ ದೇಹದ ಕುಂದನ್ನೇ ಪಾಠ ಮಾಡಿಕೊಂಡು ಮಕ್ಕಳನ್ನು ನಗಿಸಬಲ್ಲವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೆ ಅದು ಬರುವುದಿಲ್ಲ, ಅದಕ್ಕೇ.

ಚಿಂತಾಮಣಿಯಲ್ಲಿ ನಮ್ಮ ಎದುರು ಮನೆ ಅವರದು. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಮ್ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿ ರಿಟೈರ್ ಆಗಿದ್ದರು. ತವರು ಮೇಲೂರು. ಯಜಮಾನರಿಗೆ ಹಿಪ್ಪುನೇರಳೆ ತೋಟ. ಬೆಳಿಗ್ಗೆ ಹೋದವರು ಸಂಜೆಯೇ ಬರುತ್ತಿದ್ದುದು. ಟೀಚರಮ್ಮನ ಮಾತಿನ ನಡುವೆ ತೆಲುಗು ಹಾಗೇ ನುಸುಳಿ ಬರುತ್ತಿತ್ತು, ಅದನ್ನು ಅವರು ತಡೆಯುತ್ತಲೂ ಇರಲಿಲ್ಲ. ನಾನು ಅವರಿಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಆದರೂ ಬೀದಿಯವರೆಲ್ಲ ಕರೆಯುವಂತೆ ನಾನೂ ಟೀಚರಮ್ಮ ಎಂದೇ ಕರೆದೆ. ಅವರಿಗೆ ನಾನು ಅಕ್ಕಯ್ಯ. ಇಷ್ಟೆಲ್ಲ ಮರ್ಯಾದೆಯ ಕೆಳಗೆ ನನ್ನ ಕಡೆಯಿಂದ ಇದ್ದದ್ದು ಪ್ಯೂರ್ ಜೆಲಸಿ. ಅದಕ್ಕೆ ಕಾರಣ ಇತ್ತು. ಈಗಲೂ ಇದೆ.

ಕಾರಣದ ಹೆಸರು ಸಿಂಚನ. ನನ್ನ ಮಗನ ಮಗಳು. ಸೊಸೆ ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿನ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು, ಮಗ ತಾಲ್ಲೂಕು ಕಚೇರಿಯಲ್ಲಿ. ಹಾಗಾಗಿ ಹೋಮ್‌ವರ್ಕ್ ಡಿಪಾರ್ಟ್‌ಮೆಂಟ್ ಮೊದಲಿನಿಂದಲೂ ನನ್ನದು. ಪೆನ್ಸಿಲ್ ಹಿಡಿಯಲು ಕಲಿಸಿದ್ದು ನಾನು. ಸ್ಪೆಲಿಂಗು, ಟೆನ್ಸು, ಎಸ್ಸೇ ರೈಟಿಂಗು, ಎಲ್ಲ ನಾನು. ಸಂಜೆ ಬ್ಯಾಗನ್ನು ದರದರ ಎಳೆದುಕೊಂಡು ನನ್ನ ಮೇಜಿನ ಹತ್ತಿರ ಬಂದು "ಅಜ್ಜೀ, ಡೌಟು" ಎನ್ನುತ್ತಿದ್ದಳಲ್ಲ, ಆ ಮಾತಿಗಾಗಿ ನಾನು ಮಧ್ಯಾಹ್ನದಿಂದಲೇ ಕನ್ನಡಕ ಒರೆಸಿಕೊಂಡು ಕೂತಿರುತ್ತಿದ್ದೆ. ವಯಸ್ಸಾದ ಮೇಲೆ ಮನೆಯಲ್ಲಿ ನಮ್ಮನ್ನು ಯಾರೂ ಏನನ್ನೂ ಕೇಳುವುದಿಲ್ಲ, ಹೇಳುತ್ತಾರೆ. ಮಾತ್ರೆ ತಗೊಳ್ಳಿ, ಬಿಸಿಲಿಗೆ ಹೋಗಬೇಡಿ, ನೆಲ ಒದ್ದೆ ಇದೆ. ಕೇಳುತ್ತಿದ್ದವಳು ಅವಳೊಬ್ಬಳೇ.

ಒಂಬತ್ತನೇ ಕ್ಲಾಸಿಗೆ ಬಂದಾಗ ಅವಳ ಬ್ಯಾಗಿನಿಂದ ಫಿಸಿಕ್ಸ್ ಹೊರಬಿತ್ತು. ಮೋಷನ್, ಫೋರ್ಸ್, ಸೌಂಡ್. ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ. ನಮ್ಮ ತಂದೆ ಜಮೀನುದಾರರು, ಮಗಳು ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಬೇಕೆಂಬ ಒಂದೇ ಆಸೆಯಿಂದ ಕಳಿಸಿದ್ದರು. ಅಲ್ಲಿ ನಮಗೆ ಸೈನ್ಸ್ ಎಂದರೆ ಡೊಮೆಸ್ಟಿಕ್ ಸೈನ್ಸ್. ಬಿಳಿ ಬಟ್ಟೆಯ ಮೇಲಿನ ಇಂಕಿನ ಕಲೆ ತೆಗೆಯುವುದು ಹೇಗೆ, ನ್ಯಾಪ್‌ಕಿನ್ ಮಡಚುವುದು ಹೇಗೆ, ಜ್ವರದವರಿಗೆ ಬಾರ್ಲಿ ವಾಟರ್ ಕಾಯಿಸುವುದು ಹೇಗೆ. ಕಾಂಪೌಂಡಿನ ಆಚೆ ಹುಡುಗರ ಸ್ಕೂಲಿತ್ತು. ಕಿಟಕಿಯಲ್ಲಿ ನೋಡಿದರೆ ಅವರ ಲ್ಯಾಬಿನಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವುದು ಕಾಣುತ್ತಿತ್ತು. ಯಾಕೆ ತೂಗಾಡಿಸುತ್ತಾರೆ ಸಿಸ್ಟರ್ ಎಂದು ಒಮ್ಮೆ ಕೇಳಿದೆ. "ಮೈ ಡಿಯರ್, ವಾಟ್ ವಿಲ್ ಯು ಡು ವಿತ್ ಇಟ್?" ಎಂದು ಕೆನ್ನೆ ತಟ್ಟಿದರು. ಬಹಳ ಪ್ರೀತಿಯಿಂದಲೇ ತಟ್ಟಿದರು. ನಾನು ಮತ್ತೆ ಕೇಳಲಿಲ್ಲ.

ಹೀಗಾಗಿ ಸಿಂಚನ ತನ್ನ ಟೆಸ್ಟ್ ಪೇಪರನ್ನು ಮೇಜಿನ ಮೇಲೆ ಇಟ್ಟಾಗ ನನಗೆ ಕಂಡದ್ದು ಇಂಗ್ಲಿಷ್ ಮಾತ್ರ. ಲೌಡ್ ಆದ ಶಬ್ದ ಹೆಚ್ಚು ವೇಗವಾಗಿ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಅವಳು, 'ಯೆಸ್. ಇಫ್ ವಿ ಶೌಟ್ ಮೋರ್ ಸ್ಪೀಡ್, ಸೌಂಡ್ ವಿಲ್ ಗೋ ಮೋರ್ ಸ್ಪೀಡ್' ಎಂದು ಬರೆದು ಸೊನ್ನೆ ತಂದಿದ್ದಳು. ನನಗೆ ಮೈ ಉರಿದುಹೋಯಿತು. "ಶೌಟ್ ಮೋರ್ ಸ್ಪೀಡ್ ಅಂತ ಯಾರಾದ್ರೂ ಅಂತಾರೇನೇ?" ಎಂದು ಕೂರಿಸಿಕೊಂಡು, 'ಇಫ್ ವಿ ಶೌಟ್ ಲೌಡರ್, ದ ಸೌಂಡ್ ವಿಲ್ ಟ್ರಾವೆಲ್ ಫಾಸ್ಟರ್' ಎಂದು ಅಚ್ಚುಕಟ್ಟಾಗಿ ತಿದ್ದಿಸಿದೆ. ಕರೆಕ್ಷನ್ ಬರೆದುಕೊಂಡು ಹೋದವಳು ಮರುದಿನ ಬಂದು ಬ್ಯಾಗನ್ನು ನೆಲಕ್ಕೆ ಬಿಟ್ಟಳು.

"ಅಜ್ಜಿ, ನೀನು ತಿದ್ದಿದ್ಮೇಲೂ ರಾಂಗು."

"ಹೌ ಕೆನ್ ಇಟ್ ಬಿ? ಗ್ರಾಮರ್ ಪರ್ಫೆಕ್ಟ್ ಆಗಿದೆ."

"ಗ್ರಾಮರ್ ಕರೆಕ್ಟು. ಆನ್ಸರ್ ರಾಂಗು."

ಅಂದು ಸಂಜೆ ಅವಳು ರಸ್ತೆ ದಾಟಿ ಎದುರು ಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಅವರ ಗೇಟಿನ ಹತ್ತಿರ ಕನಕಾಂಬರದ ಗಿಡ ನೋಡುವವಳ ಹಾಗೆ ನಿಂತೆ. ಟೀಚರಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪೇಪರನ್ನು ದೂರ ಹಿಡಿದು ಓದಿದರು. ಲೋಲಾಕು ತೂಗುತ್ತಿತ್ತು.

"ಸಿಂಚನಮ್ಮಾ, ಜೋರಾಗಿ ಓಡು ಅಂತಾರಲ್ಲ, ಅದು ಯಾವ ಜೋರು?"

"ಜೋರು ಅಂದ್ರೆ... ಸ್ಪೀಡು."

"ಜೋರಾಗಿ ಆ ಗೇಟು ತಳ್ಳು ಅಂದ್ರೆ?"

"ಶಕ್ತಿ ಹಾಕಿ ತಳ್ಳೋದು."

"ಬಲ ಅನ್ನು. ಶಕ್ತಿ ಬೇರೆ, ಅದಕ್ಕೆ ಇನ್ನೊಂದಿನ ಬೈತೀನಿ. ಜೋರಾಗಿ ಕೂಗು ಅಂದ್ರೆ?"

"ದೊಡ್ಡದಾಗಿ ಕೂಗೋದು."

"ಮೂರೂ ಒಂದೇನಾ?"

ಟೀಚರಮ್ಮ ಒಂದು ಅವರೆಕಾಳನ್ನು ಅವಳ ತಲೆಗೆ ಎಸೆದರು.

"ನೋಡು, ನೀನು ಬರ್ದಿರೋದು ಇಂಗ್ಲಿಷಲ್ಲಿ. ತಪ್ಪು ಮಾಡಿರೋದು ಕನ್ನಡದಲ್ಲಿ. ಒಂದು ಜೋರು ಅನ್ನೋ ಮಾತೊಳಗೆ ಮೂರು ಸಾಮಾನು ಗಂಟು ಕಟ್ಟಿ ಇಟ್ಕೊಂಡಿದ್ದೀವಿ ನಾವು. ನೀನು ಗಂಟು ಬಿಚ್ದೆ ಹಂಗೇ ಇಂಗ್ಲಿಷಿಗೆ ಎತ್ತಾಕಿದ್ದೀಯ. ದೊಡ್ಡದಾಗಿ ಕೂಗಿದ್ರೆ ಸದ್ದು ದೊಡ್ಡದಾಗ್ತದೆ, ಅಷ್ಟೇ ಕದಾ? ಬೇಗ ಯಾಕೆ ಹೋಗ್ತದೆ? ನಾನು ಬಾಯಿ ಬಡ್ಕೊಂಡ್ರೂ, ಆ ಗೇಟಿನತ್ರ ನಿಮ್ಮಜ್ಜಿ ಪಿಸುಗುಟ್ಟಿದ್ರೂ, ಎರಡೂ ಒಂದೇ ವೇಗದಲ್ಲಿ ಬರ್ತವೆ. ಅಲ್ವಾ ಅಕ್ಕಯ್ಯ? ಬನ್ನಿ ಒಳಗೆ, ಹೂವ ಆಮೇಲೆ ನೋಡೋರಂತೆ."

ನಾನು "ಐ ಸೀ" ಎಂದೆ. ಸಿಂಚನ ಟೀಚರಮ್ಮನ ಮುಖ ನೋಡುತ್ತಿದ್ದ ರೀತಿಯನ್ನು ಮಾತ್ರ ನೋಡಿದೆ. ಆ ನೋಟ ನನ್ನದಾಗಿತ್ತು. ಅಲ್ಲಿಯವರೆಗೆ.

ಅವತ್ತಿನಿಂದ ಆ ಜಗಲಿಯ ಮೇಲೆ ಒಂದು ಕಾನೂನು ಬಂತು. 'ಜೋರು' ಎಂದು ಯಾರಾದರೂ ಅಂದರೆ ಟೀಚರಮ್ಮ ಕೈಯಲ್ಲಿನ ಕೆಲಸ ನಿಲ್ಲಿಸಿ "ಯಾವ ಜೋರು?" ಎನ್ನುತ್ತಿದ್ದರು. ವೇಗ, ಬಲ, ದೊಡ್ಡ ಸದ್ದು, ಮೂರರಲ್ಲಿ ಒಂದನ್ನು ಆರಿಸಿ ಹೇಳಿದ ಮೇಲೆಯೇ ಮುಂದಿನ ಮಾತು. ಈ ಕಾನೂನು ರಸ್ತೆ ದಾಟಿ ನಮ್ಮ ಮನೆಗೂ ಬಂತು. ಮಳೆ ಜೋರಾಗಿದೆ, ಛತ್ರಿ ತಗೊಂಡು ಹೋಗು ಎಂದು ಸೊಸೆ ಹೇಳಿದರೆ ಈ ಹುಡುಗಿ ಬಾಗಿಲಲ್ಲೇ ನಿಂತು, ಹನಿ ಬೀಳುವ ವೇಗವೋ, ಸದ್ದೋ ಎಂದು ಲೆಕ್ಕ ಹಾಕುತ್ತಿದ್ದಳು. ನನಗೆ ರೇಗಿ ಒಂದು ದಿನ ಅಂದೇಬಿಟ್ಟೆ.

"ನಿಮ್ಮ ಟೀಚರಮ್ಮಂದು ಬರೀ ಜೋರು!"

"ಯಾವ ಜೋರು ಅಜ್ಜಿ?"

"ನಾಲ್ಕನೇದು! ಬೀದಿಯೋರ ಮೇಲೆಲ್ಲ ಮಾಡೋದು!"

ಆ ಮಾತನ್ನು ಸಿಂಚನ ನೇರವಾಗಿ ಹೋಗಿ ಒಪ್ಪಿಸಿದಳು. ಟೀಚರಮ್ಮನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಜಗಲಿಯಿಂದಲೇ, ಇಡೀ ಬೀದಿಗೆ ಕೇಳುವ ಹಾಗೆ ನಕ್ಕು, "ಅಕ್ಕಯ್ಯಾ, ನಾಲ್ಕನೇದು ನಂಗೆ ಹೊಳ್ದೇ ಇರ್ಲಿಲ್ಲ! ಸಿಲಬಸ್ಸಿಗೆ ಸೇರಿಸ್ಕೊತೀನಿ!" ಎಂದು ಕೂಗಿದರು. ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ಇಟ್ಟುಕೊಂಡವರಿಗೇ ಗೊತ್ತು.

ನನಗೂ ಒಂದು ದಿನ ಗೆಲುವು ಸಿಕ್ಕಿತ್ತು. ಜಡತ್ವದ ಪಾಠ ಶುರುಮಾಡುವಾಗ ಟೀಚರಮ್ಮ ಇಂಗ್ಲಿಷಿನಲ್ಲಿ ಅದನ್ನು 'ಇನರ್ಟಿಯಾ' ಎಂದರು. ನಾನು ಅಲ್ಲೇ ಇದ್ದೆ. "ಇನರ್ಶ" ಎಂದೆ, ಮೆಲ್ಲಗೆ, ಸಿಸ್ಟರ್ ನಮ್ಮನ್ನು ತಿದ್ದುತ್ತಿದ್ದ ಹಾಗೆ. ಒಂದು ಕ್ಷಣ ಅವರ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಹಬ್ಬ. ಆಮೇಲೆ ಅವರು, "ಇಷ್ಟು ವರ್ಷ ಇನರ್ಟಿಯಾ ಇನರ್ಟಿಯಾ ಅಂತ ಮಕ್ಳ ಕೈಲಿ ಹೇಳಿಸ್ಬಿಟ್ನಲ್ಲ ಅಕ್ಕಯ್ಯ. ಇನ್ನೊಂದ್ಸಲ ಅನ್ನಿ" ಎಂದರು. ಅಂದೆ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಮರುದಿನ ಬೆಳಿಗ್ಗೆ ನಾನು ಹಾಲಿನ ಪ್ಯಾಕೆಟ್ಟಿಗೆ ಬಾಗಿಲು ತೆಗೆದರೆ, ಎದುರಿನಿಂದ ರಂಗೋಲಿ ಪುಡಿಯ ಕೈಯೆತ್ತಿ "ಇನರ್ಶ!" ಎಂದು ಕೂಗಿದರು, ಗುಡ್ ಮಾರ್ನಿಂಗ್ ಅನ್ನುವ ಬದಲು. ಅದೇ ವಾಡಿಕೆಯಾಗಿಹೋಯಿತು. ನನ್ನ ಒಂದೇ ಒಂದು ಗೆಲುವನ್ನು ನನಗೇ ದಿನಾ ಬೆಳಿಗ್ಗೆ ನಮಸ್ಕಾರದಂತೆ ವಾಪಸ್ ಕೊಡುತ್ತಿದ್ದರು.

ಸಿಂಚನ ಬರಬರುತ್ತ ಅಲ್ಲಿಯವಳೇ ಆದಳು. ನಮ್ಮ ಮನೆಯಲ್ಲಿ ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದವಳು ಅಲ್ಲಿ ಉಪ್ಸಾರಿನ ಜೊತೆ ಮುದ್ದೆ ನುಂಗಿ ಬಂದು ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ "ಟೀಚರಮ್ಮ ಹೇಳಿದ್ರು", ಟೀವಿ ಮುಂದೆ ಕೂತರೆ "ಟೀಚರಮ್ಮ ಹೇಳಿದ್ರು". ನನ್ನ ಮೇಜಿನ ಹತ್ತಿರ ಬರುತ್ತಿದ್ದಳು, ಇಲ್ಲವೆನ್ನಲಾರೆ. ಇಂಗ್ಲಿಷ್ ಎಸ್ಸೇ ಮೇಲೆ ನನ್ನ ಸಹಿ ಬೇಕಾದಾಗ.

ಆಮೇಲೆ ಬಸ್ಸಿನ ಪ್ರಸಂಗ. ಒಂದು ಭಾನುವಾರ ಟೀಚರಮ್ಮ, "ಜಡತ್ವ ತೋರಿಸ್ಕೊಂಡು ಬರ್ತೀನಿ" ಎಂದು ಸಿಂಚನಳನ್ನು ಶಿಡ್ಲಘಟ್ಟದ ಬಸ್ಸಿಗೆ ಹತ್ತಿಸಲು ಹೊರಟರು. ನಾನೂ ಬರುತ್ತೇನೆಂದು ಹಟ ಹಿಡಿದು ಹೊರಟೆ. ಅವರಿಬ್ಬರನ್ನೇ ಅಷ್ಟು ದೂರ ಕಳಿಸುವುದು ನನ್ನಿಂದಾಗಲಿಲ್ಲ. ಪ್ರೈವೇಟ್ ಬಸ್ಸು, ಅರ್ಧಕ್ಕರ್ಧ ಖಾಲಿ. ನಾನು ಕಿಟಕಿಯ ಪಕ್ಕ ಕೂತೆ. ಅವರಿಬ್ಬರೂ ನಡುವಿನ ದಾರಿಯಲ್ಲಿ, ಮೇಲಿನ ಕಂಬಿಯನ್ನೂ ಹಿಡಿಯದೆ ನಿಂತರು. ಕಂಡಕ್ಟರ್ ಬಂದ.

"ಸೀಟ್ ಐತಲ್ಲಮ್ಮ, ಕೂತ್ಕೊಳ್ರಿ."

"ಬೇಡ ಕಣಪ್ಪ. ನಾವು ಬೀಳಕ್ಕೇ ಬಂದಿರೋದು."

"ಬಿದ್ದು ಗಿದ್ದು ಕಾಲು ಮುರ್ಕೊಂಡ್ರೆ ಓನರ್ರು ನನ್ನ ಬೈತಾರೆ."

"ನನ್ನ ಹೆಸರು ಹೇಳು. ನಿಮ್ಮ ಓನರ್ಗೆ ಎಂಟನೇ ಕ್ಲಾಸಲ್ಲಿ ನಾನೇ ಕಿವಿ ಹಿಂಡಿರೋದು."

ಬಸ್ಸು ಹೊರಟಾಗ ಇಬ್ಬರೂ ಹಿಂದಕ್ಕೆ ವಾಲಿದರು, ತಿರುವಿನಲ್ಲಿ ಪಕ್ಕಕ್ಕೆ. ಪ್ರತಿ ಸಲವೂ ಸಿಂಚನ ಕಿಲಕಿಲ ನಗುತ್ತ ಟೀಚರಮ್ಮನ ಸೊಂಟ ತಬ್ಬಿಕೊಳ್ಳುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಎದ್ದೆ. ನಾನೂ ಹೋಗಿ ಅವರ ನಡುವೆ ನಿಂತೆ. ಅಷ್ಟರಲ್ಲಿ ಕುರಿಮಂದೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತಾಗಿ ಮುಂದಿನ ಸೀಟಿನ ಮುದುಕಪ್ಪನ ಮೇಲೆ ಹೋಗಿ ಬಿದ್ದೆ. ಅವಮಾನಕ್ಕೆ ಇಂಗ್ಲಿಷ್ ಮರೆತುಹೋಯಿತು.

"ಯಾರು ನನ್ನ ತಳ್ಳಿದ್ದು?" ಎಂದು ಹಿಂದೆ ತಿರುಗಿ ಗದರಿದೆ.

ಹಿಂದೆ ನನ್ನನ್ನು ಮುಟ್ಟುವಷ್ಟು ಹತ್ತಿರ ಯಾರೂ ಇರಲಿಲ್ಲ. ಟೀಚರಮ್ಮ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ನಗಲಿಲ್ಲ.

"ಯಾರೂ ತಳ್ಳಲಿಲ್ಲ ಅಕ್ಕಯ್ಯ. ಬಸ್ಸು ನಿಂತಿತು. ನೀವು ನಿಲ್ಲಲಿಲ್ಲ. ಅಷ್ಟೇ."

ಇಷ್ಟೇ ಮಾತು. ನಾನು ಮತ್ತೆ ಸೀಟಿನಲ್ಲಿ ಕೂತು ಆಚೆ ಹಿಂದಕ್ಕೆ ಹೋಗುವ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಿದ್ದೆ. ಜೀವಮಾನವಿಡೀ ಬಸ್ಸಿನಲ್ಲಿ ಓಡಾಡಿದ್ದೇನೆ. ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಏನೋ ನನ್ನನ್ನು ತಳ್ಳುತ್ತದೆ ಎಂದೇ ತಿಳಿದುಕೊಂಡಿದ್ದೆ. ಏನೂ ತಳ್ಳುವುದಿಲ್ಲ. ನಾನು ಹೋಗುತ್ತಿದ್ದ ಹಾಗೇ ಹೋಗುತ್ತಿರುತ್ತೇನೆ, ತಡೆಯುವವರು ಸಿಗುವ ತನಕ. ಶಿಡ್ಲಘಟ್ಟ ಬರುವವರೆಗೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ಸರಳವಾದದ್ದನ್ನು ಹುಡುಗಿಯರ ಕೈಗೆ ಕೊಡದೆ ಕಾಂಪೌಂಡಿನ ಆಚೆ ಬಚ್ಚಿಟ್ಟಿದ್ದರಲ್ಲ! ಎದುರಿಗೆ ನೋಡಿದರೆ ಸಿಂಚನ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಆ ಮಾತು ಎಲ್ಲರಿಗೂ ಸಿಗುವ ಮಾತೇ ಎನ್ನುವಂತೆ ನಿಂತಿದ್ದಳು. ಅವಳಿಗೆ ಹದಿನಾಲ್ಕು. ಅಂದಿನಿಂದ ನನ್ನ ಹೊಟ್ಟೆಕಿಚ್ಚು ಎರಡು ಕವಲಾಯಿತು. ಮೊಮ್ಮಗಳನ್ನು ಕಿತ್ತುಕೊಂಡ ಟೀಚರಮ್ಮನ ಮೇಲೆ ಒಂದು. ಅಂಥ ಟೀಚರಮ್ಮ ಸಿಕ್ಕಿದ ಮೊಮ್ಮಗಳ ಮೇಲೆ ಇನ್ನೊಂದು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಆಮೇಲೆ ಏನಾದರೊಂದು ನೆಪ ಮಾಡಿಕೊಂಡು ಪಾಠದ ಹೊತ್ತಿಗೆ ಹೋಗುತ್ತಿದ್ದೆ. ಹೆಪ್ಪಿಗೆ ಮೊಸರು, ಒಂದಿಷ್ಟು ಕರಿಬೇವು. ಟೀಚರಮ್ಮ "ಕೂತ್ಕೊಳ್ಳಿ ಅಕ್ಕಯ್ಯ" ಎಂದು ಅನ್ನುತ್ತಿರಲಿಲ್ಲ. ಸುಮ್ಮನೆ ಜಗಲಿಯ ಮೇಲೆ ಒಂದು ಚಾಪೆ ಹೆಚ್ಚಿಗೆ ಹಾಸಿರುತ್ತಿದ್ದರು. ಅದನ್ನು ನಾನು ಕಂಡೂ ಕಾಣದವಳಂತೆ ಕೂರುತ್ತಿದ್ದೆ.

ಅಲೆಗಳ ಪಾಠ ಮಾಡಿದ್ದು ತಾರಸಿಯ ಮೇಲೆ. ಗಂಜಿ ಹಾಕಿದ ಕಾಟನ್ ಸೀರೆಯನ್ನು ಒಣಹಾಕುವ ಮೊದಲು ಇಬ್ಬರು ಎರಡು ತುದಿ ಹಿಡಿದು ಕೊಡವುತ್ತೇವಲ್ಲ, ಹಾಗೆ ತಮ್ಮ ನೀಲಿ ಸೀರೆಯ ಒಂದು ತುದಿ ತಾವು ಹಿಡಿದರು. ಇನ್ನೊಂದು ತುದಿಗೆ ಸಿಂಚನ ಕೈಚಾಚಿದಳು.

"ನೀನಲ್ಲ. ನೀನು ನೋಡು. ಅಕ್ಕಯ್ಯ, ನೀವು ಹಿಡ್ಕೊಳ್ಳಿ."

ಹಿಡಿದೆ. ಅವರು ಆ ತುದಿಯಲ್ಲಿ ಒಮ್ಮೆ ಝಾಡಿಸಿದರು. ಸೀರೆಯ ಮೈಮೇಲೆ ಒಂದು ಉಬ್ಬು ಎದ್ದು, ಹಾವಿನಂತೆ ಸರಸರ ಬಂದು ನನ್ನ ಬೆರಳಿಗೆ ಹೊಡೆಯಿತು. ಹಿಂದೆಯೇ ಇನ್ನೊಂದು.

"ಏನು ಬಂತು ನಿಮ್ಮ ಕೈಗೆ?"

"ಸಣ್ಣ ಜರ್ಕ್."

"ಸೀರೆ ಬಂತಾ?"

ನೋಡಿಕೊಂಡೆ. ಸೆರಗು ಅವರ ಕೈಯಲ್ಲೇ ಇತ್ತು, ನನ್ನ ತುದಿ ನನ್ನ ಕೈಯಲ್ಲೇ. ನಡುವಿನ ಬುಟ್ಟಾಗಳು ಎದ್ದು ಬಿದ್ದು ತಮ್ಮ ಜಾಗದಲ್ಲೇ ಇದ್ದವು.

"ಇಲ್ಲ" ಎಂದೆ.

"ಅದೇ ಅಲೆ. ಸಾಮಾನು ಹೋಗಲ್ಲ, ಅಲ್ಲಾಟ ಮಾತ್ರ ಹೋಗ್ತದೆ. ನಾನು ಮಾತಾಡಿದ್ರೆ ನನ್ನ ಬಾಯಿ ಗಾಳಿ ನಿಮ್ಮ ಕಿವಿಗೆ ಬರಲ್ಲ ಅಕ್ಕಯ್ಯ, ಅದರ ಅಲ್ಲಾಟ ಬರ್ತದೆ."

"ಅಜ್ಜಿ ಸಾಕು, ಕೊಡು, ನಾನು ಹಿಡ್ಕೊತೀನಿ" ಎಂದು ಸಿಂಚನ ಮುಂದೆ ಬಂದಳು.

"ವೇಟ್ ಫಾರ್ ಯುವರ್ ಟರ್ನ್" ಎಂದೆ. ಬಿಡಲಿಲ್ಲ. ಟೀಚರಮ್ಮ ಇನ್ನೊಂದು ಸಲ ಝಾಡಿಸಿದರು, ಇನ್ನೊಂದು ಸಲ. ಸೀರೆಯ ನೀರು ಪೂರ್ತಿ ಹಾರಿಹೋಗಿತ್ತು. ಸಿಂಚನ ಪಕ್ಕದಲ್ಲಿ ನಿಂತು ನಮ್ಮನ್ನು ಸಿಟ್ಟಿನಿಂದ ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ.

ಸಿಂಚನ ಹತ್ತನೇ ಕ್ಲಾಸಿಗೆ ಹೋದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರಮ್ಮ ಹಾಸಿಗೆ ಹಿಡಿದರು. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದರು. ಬಂದವರ ಮುಖದಲ್ಲೇ ಎಲ್ಲ ಗೊತ್ತಾಗುತ್ತಿತ್ತು. ನಾನು ಒಬ್ಬಳೇ ನೋಡಲು ಹೋದೆ. ಕಿವಿಯಲ್ಲಿ ಲೋಲಾಕು ಇರಲಿಲ್ಲ, ಆಸ್ಪತ್ರೆಯಲ್ಲಿ ತೆಗೆಸಿದ್ದರಂತೆ. ಬರೀ ಕಿವಿಯ ಅವರನ್ನು ನೋಡಿ ಹೊದಿಕೆಯ ಅಂಚು ಸರಿಮಾಡುತ್ತ ಕೂತೆ. ಅವರೇ ಮಾತೆತ್ತಿದರು.

"ನಿಮ್ಮ ಮೊಮ್ಮಗಳು ಜಾಣೆ, ಉತ್ರ ಬೇಗ ಹಿಡೀತಾಳೆ. ಆದ್ರೆ ಬಸ್ಸಲ್ಲಿ ನೀವು ಕೇಳಿದ್ರಲ್ಲ, ಯಾರು ನನ್ನ ತಳ್ಳಿದ್ದು ಅಂತ, ಅದನ್ನ ಅವಳು ಕೇಳ್ಲಿಲ್ಲ. ಇಡೀ ಸರ್ವೀಸಲ್ಲಿ ಯಾವ ಮಗುನೂ ಅಷ್ಟು ರೋಷವಾಗಿ ಕೇಳಿರ್ಲಿಲ್ಲ ಅಕ್ಕಯ್ಯ. ನೀವು ನನ್ನ ಕ್ಲಾಸಲ್ಲಿ ಇರಬೇಕಿತ್ತು."

"ನಾನು ಆ ವಯಸ್ಸಲ್ಲಿದ್ದಾಗ ನೀವು ಹುಟ್ಟಿದ್ದರೆ ಹೆಚ್ಚು" ಎಂದೆ.

"ಹಂಗಾದ್ರೆ ತಪ್ಪು ನಂದೇ ಬಿಡಿ. ಲೇಟಾಗಿ ಹುಟ್ದೆ."

ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬಂತು. ದೀಪಾವಳಿಗೆ ಇನ್ನೂ ದಿನಗಳಿರುವಾಗ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಅವರ ಹಳೆಯ ಮಕ್ಕಳು ಎಲ್ಲೆಲ್ಲಿಂದಲೋ ಬಂದರು: ಮಂಚೇನಹಳ್ಳಿಯಿಂದ, ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳಿಂದ. ನಮ್ಮ ಬೀದಿಯಲ್ಲಿ ಅಷ್ಟು ಬೈಕು ನಾನು ಕಂಡಿರಲಿಲ್ಲ. ಮೀಸೆ ನರೆತ ಗಂಡಸರು ಜಗಲಿಯ ಮೇಲೆ ಕೂತು ಮಕ್ಕಳಂತೆ ಅಳುತ್ತಿದ್ದರು. ನಾನು ಸತ್ತರೆ ಒಂದು ಬೀದಿ ತುಂಬುವಷ್ಟು ಜನ ಅಳುವರೇ ಎಂದು ಯೋಚಿಸುತ್ತ ನಿಂತೆ. ಸಾವಿನ ಮನೆಯಲ್ಲೂ ಜೆಲಸ್ ಆಗಬಹುದು. ಆಗಿದ್ದೇನೆ.

ಸಿಂಚನ ಅಳಲಿಲ್ಲ. ಫಿಸಿಕ್ಸ್ ಪುಸ್ತಕ ಮುಚ್ಚಿದಳು. ಪಿಯುಸಿಗೆ ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದಳು. ಟ್ಯೂಷನ್‌ಗೆ ಹಾಕುತ್ತೇವೆ ಎಂದು ಅಪ್ಪ ಅಮ್ಮ ಹೇಳಿದರೆ ಎದ್ದುಹೋಗುತ್ತಿದ್ದಳು. ಸಂಜೆ ಬ್ಯಾಗ್ ತಂದು ನನ್ನ ಮೇಜಿನ ಹತ್ತಿರ ಕೂತು, ಗ್ರಾಮರ್ ಎಕ್ಸರ್‌ಸೈಜ್ ಒಂದಾದ ಮೇಲೊಂದು ಮಾಡುತ್ತಿದ್ದಳು. ನನಗೆ ಬೇಕಾದದ್ದು ಅದೇ ಆಗಿತ್ತಲ್ಲ? ಮೊಮ್ಮಗಳು ರಸ್ತೆ ದಾಟಿ ವಾಪಸ್ ಬಂದಿದ್ದಳು. ಆದರೆ ಅವಳು ಏನನ್ನೂ ಕೇಳುತ್ತಿರಲಿಲ್ಲ. 'ಡೌಟು' ಎಂಬ ಮಾತೇ ಅವಳ ಬಾಯಿಂದ ಹೋಗಿತ್ತು. ಬಿಟ್ಟ ಸ್ಥಳ ತುಂಬುತ್ತಿದ್ದಳು, ಅಷ್ಟೇ. ಅಂಥ ಗೆಲುವನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಒಂದು ರಜೆಯ ಮಧ್ಯಾಹ್ನ ಹಾಗೇ ಕೂತಿದ್ದೆವು. ಊರಾಚೆ ಬಂಡೆ ಸಿಡಿಸುವ ಹೊತ್ತು. ಮೇಜಿನ ಮೇಲಿನ ನನ್ನ ಲೋಟದ ನೀರು ಇದ್ದಕ್ಕಿದ್ದಂತೆ ಗುಂಡಗೆ ನಡುಗಿತು. ಆಮೇಲೆ, ಉಸಿರೆಳೆದು ಬಿಡುವಷ್ಟು ಹೊತ್ತಾದ ಮೇಲೆ, ಢಮ್ ಎಂಬ ಸದ್ದು ಬಂತು. ವರ್ಷಗಳಿಂದ ಆ ಸದ್ದು ಕೇಳಿದ್ದೇನೆ. ಮೊದಲು ನೀರು, ಆಮೇಲೆ ಸದ್ದು ಎನ್ನುವುದನ್ನು ಗಮನಿಸಿರಲಿಲ್ಲ.

"ಸಿಂಚೂ, ನೀರು ಮೊದಲೇ ಯಾಕೆ ಅಲ್ಲಾಡ್ತು? ಸದ್ದು ಇನ್ನೂ ಬಂದೇ ಇರ್ಲಿಲ್ಲ."

ಅವಳು ತಲೆ ಎತ್ತದೆ, "ನೆಲದಲ್ಲಿ ಬಂದಿದ್ದು ಅದು. ಕಲ್ಲಲ್ಲಿ ಬೇಗ ಬರತ್ತೆ, ಗಾಳೀಲಿ ನಿಧಾನ" ಎಂದಳು.

"ಓಹೋ. ಕಲ್ಲಲ್ಲಿ ಜೋರಾಗಿ ಬರುತ್ತಾ?"

"ಯಾವ ಜೋರು?"

ಬಾಯಿತಪ್ಪಿ ಬಂದುಬಿಟ್ಟಿತ್ತು ಅವಳಿಂದ. ಸ್ವರ, ಹುಬ್ಬು, ಎಲ್ಲ ಎದುರು ಮನೆಯವರದು. ಪೆನ್ನು ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ಅಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರುತ್ತ ಕೂತೆ. ಅಳು ಇಳಿದ ಮೇಲೆ ನನಗೆ 'ಗಾಡ್ ಈಸ್ ಗುಡ್' ಎನ್ನಲು ಮನಸ್ಸಾಗಲಿಲ್ಲ. ನನಗೆ ನಿಜವಾಗಿ ಬೇಕಾಗಿದ್ದನ್ನೇ ಕೇಳಿದೆ.

"ನಂಗೆ ಹೇಳ್ಕೊಡ್ತೀಯಾ? ಮೊದಲಿಂದ. ಮೋಷನ್ ಇಂದ. ನಂಗೆ ಯಾರೂ ಹೇಳ್ಕೊಡ್ಲಿಲ್ಲ ಕಣೇ."

ಮೂಗು ಒರೆಸಿಕೊಂಡು ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ. ನನ್ನ ಮುಖದಲ್ಲಿ ತಮಾಷೆ ಇರಲಿಲ್ಲ.

ಹೇಳಿಕೊಟ್ಟಳು. ಬಹಳ ಸ್ಟ್ರಿಕ್ಟು. ದೂರ ಬೇರೆ, ಸ್ಥಾನಪಲ್ಲಟ ಬೇರೆ ಎಂದು ತೋರಿಸಲು ನನ್ನನ್ನು ದೇವರಮನೆಯಿಂದ ಗೇಟಿನವರೆಗೆ ನಡೆಸಿ, ವಾಪಸ್ ಕರೆತಂದು, ಹೊರಟಲ್ಲೇ ನಿಲ್ಲಿಸಿ, "ಇಷ್ಟು ನಡೆದೆಯಲ್ಲ, ಎಲ್ಲಿಗೆ ಹೋದಂಗಾಯ್ತು?" ಎಂದಳು. ಎಲ್ಲಿಗೂ ಇಲ್ಲ ಎಂದೆ. "ಅದೇ ಸ್ಥಾನಪಲ್ಲಟ, ಸೊನ್ನೆ" ಎಂದಳು. ಮಂಡಿ ನೋವಿನಲ್ಲೂ ನಗು ಬಂತು. ಮರೆತರೆ ಗದರುತ್ತಾಳೆ. "ಟೀಚರಮ್ಮ ಇದ್ದಿದ್ರೆ ನಿನ್ನ ಎದ್ದು ನಿಲ್ಲಿಸ್ತಿದ್ರು" ಎನ್ನುತ್ತಾಳೆ. ನನಗೆ ಹೇಳಿಕೊಡಬೇಕೆಂದು ಓದಿದಳು, ಓದಿದ್ದು ಅವಳಿಗೇ ಉಳಿಯಿತು. ಕಾಮರ್ಸಿನ ಮಾತು ಮತ್ತೆ ಬರಲಿಲ್ಲ. ಈಗ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸೈನ್ಸ್. ಅಮ್ಮನ ಜೊತೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಹೋದ ತಿಂಗಳು ಗೌರಿಬಿದನೂರಿನಿಂದ ನನ್ನ ನಾದಿನಿ ಬಂದಿದ್ದಳು. ಸಂಜೆ ನಮ್ಮ ಪಾಠ ನಡೆಯುತ್ತಿತ್ತು. ಎಲೆಯಡಿಕೆ ಮೆಲ್ಲುತ್ತ ಪೂರ್ತಿ ಕೇಳಿದ ನಾದಿನಿ, ಕೊನೆಗೆ, "ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾಳಮ್ಮ ಈ ಮಗು! ಯಾರಮ್ಮ ನಿಂಗೆ ಹಿಂಗೆ ಕಲಿಸಿದ್ದು, ಅಜ್ಜಿನಾ?" ಎಂದಳು.

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದೆ. ಹೌದು ಎಂದುಬಿಡಲಿ ಎಂದು ಆಸೆ. ಒಂದೇ ಒಂದು ಸಲ, ಬಂದವರ ಮುಂದೆ, ಸುಳ್ಳಾದರೂ ಸರಿ.

"ಅಲ್ಲ, ಟೀಚರಮ್ಮ" ಎಂದಳು ಸಿಂಚನ. ಆಮೇಲೆ ನನ್ನ ಕಡೆ ಬೊಟ್ಟು ಮಾಡಿ, ನೀರು ಕುಡಿದಷ್ಟು ಸಲೀಸಾಗಿ, "ಇವರು ನನ್ನ ಸ್ಟೂಡೆಂಟು" ಎಂದಳು.

ನಾದಿನಿ ಜೋಕ್ ಎಂದು ನಕ್ಕಳು. ಮೊದಲನೆಯ ಮಾತಿಗೆ ನನ್ನ ಹೊಟ್ಟೆ ಎಂದಿನಂತೆ ಉರಿಯಿತು. ಸತ್ತವರ ಜೊತೆ ಪೈಪೋಟಿ ಮಾಡಿ ಗೆದ್ದವರಿಲ್ಲ ಎಂದು ಗೊತ್ತಿದ್ದೂ ಉರಿಯಿತು. ಎರಡನೆಯ ಮಾತಿಗೆ ಏನಾಯಿತೆಂದು ನಾದಿನಿಗೆ ಹೇಗೆ ಹೇಳಲಿ? ಕನ್ನಡಕ ಹಾಕಿಕೊಂಡು, ನೆಟ್ಟಗೆ ಕೂತು, ಬಿಟ್ಟಲ್ಲಿಂದ ಹೇಳಮ್ಮ ಎಂದೆ.